ಡೆಲಿಗೇಟ್ ಎಂಬ ಕ್ರಿಯಾಪದವೂ ಈಜುಕೊಳದ ಅರ್ಧ ಉದ್ದವೂ

ನನ್ನ ಗಂಡನ ಉದ್ಯೋಗ ಕ್ರಿಯಾಪದಗಳನ್ನು ಹಂಚುವುದು. ಕಚೇರಿಯ ಭಾಷೆಯಲ್ಲಿ ಅದಕ್ಕೆ ತರಬೇತಿ ಅಧಿಕಾರಿ ಎನ್ನುತ್ತಾರೆ. ಇವರು ಶಾಖೆಯಿಂದ ಶಾಖೆಗೆ ಹೋಗುತ್ತಾರೆ, ಮ್ಯಾನೇಜರುಗಳನ್ನು ಸಾಲಾಗಿ ಕೂರಿಸುತ್ತಾರೆ, ಬಿಳಿ ಬೋರ್ಡಿನ ಮೇಲೆ ಇಂಗ್ಲಿಷಿನ ಒಂದು ಕ್ರಿಯಾಪದವನ್ನು ದೊಡ್ಡದಾಗಿ ಬರೆದು ಅದರ ಅರ್ಥ, ಬಳಕೆ, ಹುಟ್ಟು, ವಂಶಾವಳಿ ಎಲ್ಲವನ್ನೂ ಊಟದ ವಿರಾಮದವರೆಗೆ ವಿವರಿಸುತ್ತಾರೆ. ಊಟವಾದ ಮೇಲೆ ಅದನ್ನು ಜೀವನದಲ್ಲಿ ಅಳವಡಿಸಿಕೊಳ್ಳುವುದು ಹೇಗೆ ಎನ್ನುವ ಭಾಗ. (ಆ ಹೊತ್ತಿಗೆ ಹೆಚ್ಚಿನವರು ನಿದ್ದೆಯನ್ನು ಅಳವಡಿಸಿಕೊಂಡಿರುತ್ತಾರೆ ಎಂದು ಕೇಳಿದ್ದೇನೆ.)

ಶಾಖೆಗಳಿಗೆ ಹೊರಡುವ ಮೊದಲು ಪ್ರತಿಯೊಂದು ಕ್ರಿಯಾಪದದ ರಿಹರ್ಸಲ್ಲೂ ನಮ್ಮ ಮನೆಯಲ್ಲೇ ನಡೆಯುತ್ತದೆ. 'ಪ್ರಯಾರಿಟೈಸ್' ಬಂದಾಗ ಒಗೆಯುವ ಬಟ್ಟೆಯನ್ನು ತುರ್ತು, ಅತಿತುರ್ತು, ಪರಮತುರ್ತು ಎಂದು ರಾಶಿ ಹಾಕಿದರು. ಒಗೆದದ್ದು ನಾನು. 'ಮೋಟಿವೇಟ್' ಬಂದಾಗ ನಾನು ಒಗೆಯುತ್ತಿರುವಾಗ ಪಕ್ಕದಲ್ಲಿ ನಿಂತು ಹುರಿದುಂಬಿಸಿದರು. ಹೀಗೆ ಒಂದು ರಜೆಯ ದಿನ 'ಡೆಲಿಗೇಟ್' ನಮ್ಮ ಮನೆಗೆ ದಯಮಾಡಿಸಿತು. ಬಂದದ್ದು ಅದರ ತಪ್ಪಲ್ಲ. ನಾನು ಅದಕ್ಕೆ ಕುರ್ಚಿ ಹಾಕಿ ಕೂರಿಸಿದೆನಲ್ಲ, ಈಗಲೂ ಕೈ ಕೈ ಹಿಸುಕಿಕೊಳ್ಳುವುದು ಅದಕ್ಕೆ.

ನನಗೆ ಆಗಷ್ಟೇ ಒಂದು ಆಸೆ ಹುಟ್ಟಿತ್ತು. ನಮ್ಮ ಬೀದಿಯ ತುದಿಯಲ್ಲಿ ಈಜುಕೊಳವಿದೆ. ಬೇಸಿಗೆಯಲ್ಲಿ ಹೆಂಗಸರಿಗೆ ಬೆಳಗಿನ ತರಗತಿ ಶುರುವಾಗುತ್ತದೆ. ಅದರ ಸುದ್ದಿ ತಂದವರು ನಮ್ಮ ಮೇಲಿನ ಮಹಡಿಯ ಟೈಲರಮ್ಮ. ಒಬ್ಬರೇ ಇರುವವರು. ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಾಗಿ ಬಾಗಿ ಅವರ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಂತಾಗಿತ್ತು. ಈಜಿದರೆ ನೆಟ್ಟಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

"ಕೋರ್ಸಿನ ಕೊನೇಲಿ ಒಂದು ಪರೀಕ್ಷೆ ಇದೆಯಂತೆ," ಎಂದಿದ್ದರು ಟೈಲರಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಈ ತುದಿಯಿಂದ ಆ ತುದಿಗೆ, ಎಲ್ಲೂ ಹಿಡಿಯದೆ ದಾಟಿದ್ರೆ ಕಾರ್ಡ್ ಕೊಡ್ತಾರೆ. ಕಾರ್ಡ್ ಇದ್ರೆ ವರ್ಷವಿಡೀ ಯಾವಾಗ ಬೇಕಾದ್ರೂ ಹೋಗಿ ಈಜಬಹುದು. ಯಾರನ್ನೂ ಕೇಳ್ಬೇಕಾಗಿಲ್ಲ."

ಯಾರನ್ನೂ ಕೇಳಬೇಕಾಗಿಲ್ಲ! ಆ ಮಾತು ನನ್ನ ಕಿವಿಯಲ್ಲಿ ಎಷ್ಟೋ ದಿನ ಸುತ್ತಿತು. ನಮ್ಮಿಬ್ಬರಿಗೂ ಒಂದೇ ತಾನಿನ ನೀಲಿ ಬಟ್ಟೆಯಲ್ಲಿ ಕಣಕಾಲಿನವರೆಗೆ ಬರುವ ಈಜುಡುಪು ಹೊಲಿದದ್ದೂ ಟೈಲರಮ್ಮನೇ. ಉಡುಪು ತಯಾರಾಯಿತು, ಉತ್ಸಾಹ ತಯಾರಾಯಿತು. ಉಳಿದದ್ದು ಬೆಳಗಿನ ಮನೆಗೆಲಸ ಮಾತ್ರ.

"ಬೆಳಿಗ್ಗೆ ನಾನು ಈಜು ಕಲಿಯೋಕೆ ಹೋಗ್ಬೇಕು," ಎಂದೆ ಗಂಡನಿಗೆ.

"ಹೋಗು. ಯಾರು ಬೇಡ ಅಂದ್ರು?"

"ತಿಂಡಿ, ಡಬ್ಬಿ, ಬಟ್ಟೆ?"

"ಎಲ್ಲಾ ಮುಗಿಸಿ ಆರಾಮಾಗಿ ಹೋಗು."

"ತರಗತಿ ಇರೋದೇ ಆ ಹೊತ್ತಿಗೆ ಕಣ್ರೀ."

ಇವರು ಚಹಾದ ಲೋಟ ಕೆಳಗಿಟ್ಟರು. ಕಣ್ಣಲ್ಲಿ ಬಿಳಿ ಬೋರ್ಡಿನ ಬೆಳಕು ಬಂತು. "ನಿನ್ನ ಸಮಸ್ಯೆ ಏನು ಗೊತ್ತಾ? ಎಲ್ಲಾನೂ ನೀನೇ ಹಿಡ್ಕೊಂಡು ಕೂತಿರ್ತೀಯ. ನಿನಗೆ ಡೆಲಿಗೇಟ್ ಮಾಡೋಕೆ ಬರಲ್ಲ."

"ಅಂದ್ರೆ?" (ಕೇಳಬಾರದಿತ್ತು.)

"ಲ್ಯಾಟಿನ್ನಿನಿಂದ ಬಂದ ಪದ. 'ಲೆಗಾರೆ' ಅಂದ್ರೆ ದೂತನನ್ನಾಗಿ ಕಳಿಸೋದು. ರಾಜನ ಪರವಾಗಿ, ರಾಜನ ಅಧಿಕಾರ ಹೊತ್ಕೊಂಡು ಹೋಗ್ತಾನಲ್ಲ, ಅಂಥವನು. ಅದಕ್ಕೆ 'ಡಿ' ಸೇರಿತು, ಅಂದ್ರೆ 'ತನ್ನಿಂದ ಆಚೆಗೆ'. ನಮ್ಮ ಕೈಲಿರೋ ಕೆಲಸಾನ, ಅದರ ಅಧಿಕಾರದ ಸಮೇತ, ಆಚೆ ಇನ್ನೊಬ್ಬರಿಗೆ ಕಳಿಸೋದು. ಕಾಲೇಜು, ಕೊಲೀಗು, ಲೆಗಸಿ, ಎಲ್ಲಾ ಇದರ ದಾಯಾದಿಗಳೇ. ಬಳಕೆ ನೋಡು, ಎಷ್ಟು ಚೆಂದ! ಈ ಕ್ರಿಯಾಪದ ಒಂಟಿಯಾಗಿ ನಿಲ್ಲೋದಿಲ್ಲ. ಏನನ್ನ, ಯಾರಿಗೆ, ಎರಡೂ ಹೇಳ್ಬೇಕು."

ಮಂಡಿನೋವಿನ ನನ್ನ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಟಾಣಿ ಬಿಡಿಸುತ್ತಿದ್ದರು. "ಕೆಲಸ ಸಾಗಹಾಕೋದು ಅಂತ ಹೇಳು. ಅಷ್ಟಕ್ಕೆ ರಾಜನ್ನ ಯಾಕೆ ಎಬ್ಬಿಸ್ಕೊಂಡು ಬಂದೆ?" ಎಂದರು.

"ಸಾಗಹಾಕೋದಲ್ಲಮ್ಮ! ಸಾಗಹಾಕೋನು ಕೈ ತೊಳ್ಕೊಳ್ತಾನೆ. ಡೆಲಿಗೇಟ್ ಮಾಡೋರ ಹತ್ರ ಹೊಣೆ ಉಳಿಯುತ್ತೆ. ಕೆಲಸ ಹೋಗುತ್ತೆ, ಹೊಣೆ ಹೋಗಲ್ಲ. ಅದೇ ಇದರ ಸೌಂದರ್ಯ."

ಈ ಕೊನೆಯ ವಾಕ್ಯವನ್ನು ನಾನು ಆಗಲೇ ಕಿವಿಗೊಟ್ಟು ಕೇಳಿಸಿಕೊಂಡಿದ್ದರೆ ಈ ಕಥೆಯನ್ನು ನಿಮ್ಮ ಮುಂದೆ ತೋಡಿಕೊಳ್ಳುವ ಗತಿ ಬರುತ್ತಿರಲಿಲ್ಲ. ಆದರೆ ನನಗೆ ಆಗ ಕೇಳಿಸಿದ್ದು 'ಕೆಲಸ ಹೋಗುತ್ತೆ' ಎನ್ನುವುದಷ್ಟೇ. ಮದುವೆಯಾದಾಗಿನಿಂದ ಅಂಥ ಸಿಹಿ ಮಾತನ್ನು ಇವರ ಬಾಯಿಂದ ನಾನು ಕೇಳಿರಲಿಲ್ಲ.

"ಹಾಗಾದ್ರೆ ತಿಂಡಿಯನ್ನ, ನಿಮಗೆ," ಎಂದೆ. ಏನನ್ನ, ಯಾರಿಗೆ, ಎರಡೂ ಹೇಳಿದ್ದೆ. ಬಳಕೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಇವರ ಮುಖ ಸ್ವಲ್ಪ ಬಿಳಿಚಿಕೊಂಡಿತು. ಆದರೆ ಸಿದ್ಧಾಂತ ತಮ್ಮದೇ ಆದ್ದರಿಂದ ಹಿಂದೆಗೆಯುವಂತಿಲ್ಲ. ಅಂದೇ ಸಭೆ ಸೇರಿತು. ಬಟ್ಟೆಯನ್ನು ಮಗಳಿಗೆ ವಹಿಸಲಾಯಿತು. ಅವಳು ಕಾನೂನು ಓದುವವಳು, ತನ್ನ ಬಟ್ಟೆಯನ್ನೂ ಬಾಗಿಲ ಹಿಂದೆ ಬಾಕಿ ಪ್ರಕರಣಗಳಂತೆ ನೇತುಹಾಕಿಡುವವಳು. ಹಾಲು ಕಾಯಿಸುವುದನ್ನು ಅತ್ತೆ ತಾವಾಗಿಯೇ ಎತ್ತಿಕೊಂಡರು. "ಅಧಿಕಾರ ಗಿಧಿಕಾರ ಬೇಡ, ಒಲೆ ಪಕ್ಕ ಒಂದು ಸ್ಟೂಲ್ ಹಾಕಿ ಸಾಕು," ಎಂದರು.

ಮೊದಲ ಬೆಳಿಗ್ಗೆ ಟೈಲರಮ್ಮನೂ ನಾನೂ ನೀಲಿ ಉಡುಪಿನ ಮೇಲೆ ಬಟ್ಟೆ ತೊಟ್ಟು ಕೊಳಕ್ಕೆ ಹೋದೆವು. ಕಲಿಸುವವರು ಕೊರಳಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುವ ಗಟ್ಟಿಮುಟ್ಟಾದ ಹೆಂಗಸು. ನಾವು ಅವರಿಗೆ ಸೀಟಿ ಮೇಡಂ ಎಂದೇ ಹೆಸರಿಟ್ಟೆವು. ನೀರಿಗಿಳಿದು, ಅವರು ಹೇಳಿದಂತೆ ತಲೆ ಮುಳುಗಿಸಿದೆ ನೋಡಿ, ಲೋಕದ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ಕುಕ್ಕರಿಲ್ಲ, ಕರೆಗಂಟೆಯಿಲ್ಲ, 'ಅಮ್ಮಾ' ಇಲ್ಲ, 'ಏನೇ' ಇಲ್ಲ. ಕಿವಿಯೊಳಗೆ ನೀರಿನ ಗುಂಯ್‌ಗುಡುವಿಕೆ ಮಾತ್ರ. ಉಸಿರು ಕಟ್ಟಿದ್ದರಿಂದಷ್ಟೇ ಮೇಲೆ ಬಂದೆ, ಇಲ್ಲವಾದರೆ ಅಲ್ಲೇ ಸಂಸಾರ ಹೂಡುತ್ತಿದ್ದೆ.

ಮೇಲೆ ಬಂದಾಗ ಕೇಳಿಸಿದ ಮೊದಲ ಸದ್ದು ನನ್ನದೇ ಫೋನು. ದಂಡೆಯ ಬೆಂಚಿನ ಮೇಲೆ ಚೀಲದೊಳಗೆ ಹೊಯ್ಕೊಳ್ಳುತ್ತಿತ್ತು.

"ಒಂದು ಅನುಮತಿ ಬೇಕಿತ್ತು," ಎಂದರು ಇವರು.

ಆದದ್ದು ಇಷ್ಟು. ನಾನು ಬಾಗಿಲು ದಾಟುತ್ತಲೇ ಇವರು ಮಗಳನ್ನು ಕರೆದು, "ಪುಟ್ಟಾ, ತಿಂಡಿಯನ್ನ ನಿನಗೆ ಡೆಲಿಗೇಟ್ ಮಾಡ್ತಾ ಇದ್ದೀನಿ, ದೊಡ್ಡ ಜವಾಬ್ದಾರಿ," ಎಂದಿದ್ದಾರೆ. ಮಗಳು ಹಾಸಿಗೆಯಿಂದಲೇ ವಾದ ಹೂಡಿದ್ದಾಳೆ: "ಆಗಲ್ಲ ಅಪ್ಪ. ಒಪ್ಪಿಸಿಕೊಂಡವನು ಅದನ್ನ ಮತ್ತೊಬ್ಬರಿಗೆ ಒಪ್ಪಿಸೋ ಹಾಗಿಲ್ಲ. ಕಾನೂನಲ್ಲಿದೆ. ಲ್ಯಾಟಿನ್ನಲ್ಲೇ ಇದೆ, ಹೇಳ್ಲಾ?" ಲ್ಯಾಟಿನ್ ಎಂದ ಕೂಡಲೇ ಇವರ ಬಾಯಿ ಕಟ್ಟಿದೆ. ಆಮೇಲೆ ಅಪ್ಪ ಮಗಳು ಸೇರಿ ಪುಸ್ತಕ ತೆಗೆದು ನೋಡಿ, ಮೂಲ ಅಧಿಕಾರಿಯ ಸ್ಪಷ್ಟ ಅನುಮತಿ ಇದ್ದರೆ ದಾಟಿಸಬಹುದು ಎಂಬ ವಿನಾಯಿತಿ ಕಂಡುಹಿಡಿದಿದ್ದಾರೆ. ಮೂಲ ಅಧಿಕಾರಿ ನಾನು. ಮೈಯಿಂದ ನೀರು ಸೋರಿಸುತ್ತಾ, ಬೆಂಚಿನ ಪಕ್ಕದಲ್ಲಿ ಗಡಗಡ ನಡುಗುತ್ತಾ ನಿಂತ ಆ ಘನ ಅಧಿಕಾರಿ ಅನುಮತಿ ಕೊಟ್ಟು ಮತ್ತೆ ನೀರಿಗಿಳಿದಳು.

ಅಂದಿನಿಂದ ಎಲ್ಲವೂ ಕಾನೂನುಬದ್ಧವಾಗಿ ನಡೆಯಿತು. ಇವರು ಮಗಳಿಗೆ, ಮಗಳು ಅಜ್ಜಿಗೆ, ಅಜ್ಜಿ "ನನ್ನ ಕಾಲು ಏಳಲ್ಲ, ಅವಳನ್ನೇ ಕೇಳಿ" ಎಂದು ನನಗೆ. ಫೋನು ಬಂದೇ ಬರುತ್ತಿತ್ತು. "ಉಪ್ಪಿನ ಡಬ್ಬಿ ಯಾವುದು? ಎರಡು ಬಿಳಿ ಪುಡಿ ಇದೆ." "ಮೊಟ್ಟೆ ಬೆಂದಿದೆ ಅಂತ ಹೊರಗಿಂದ ಹೇಗೆ ಗೊತ್ತಾಗುತ್ತೆ?" "ಅಮ್ಮಾ, ಬಿಳಿ ಬಟ್ಟೆ ಜೊತೆ ಮೊದಲು ಬಿಳಿಯಾಗಿದ್ದ ಬಟ್ಟೆ ಹಾಕಬಹುದಾ?" ಒಮ್ಮೆ ಅತ್ತೆಯೇ ಇವರ ಫೋನಿನಿಂದ ಮಾತಾಡಿದರು: "ನಂದೇನಿಲ್ಲಮ್ಮ. ಇವರಿಬ್ಬರೂ ಕಾವಲಿ ಯಾರು ತೊಳೀಬೇಕು ಅಂತ ಕಚ್ಚಾಡ್ತಿದ್ದಾರೆ. ಒಬ್ಳೇ ಕೇಳೋಕೆ ಬೇಜಾರಾಯ್ತು, ನೀನೂ ಸ್ವಲ್ಪ ಕೇಳು."

ಕೊಳದ ನಡುಮಧ್ಯದಲ್ಲಿ ಅಡ್ಡಲಾಗಿ ಒಂದು ಹಗ್ಗ ಕಟ್ಟಿರುತ್ತಾರೆ, ಕೆಂಪು ಬಿಳಿ ಉಂಡೆಗಳನ್ನು ಪೋಣಿಸಿದ್ದು. ಅಭ್ಯಾಸ ಮಾಡುವವರು ದಣಿದರೆ ಹಿಡಿದುಕೊಳ್ಳಲಿ ಎಂದು. ಏನು ಗ್ರಹಚಾರವೋ, ನಾನು ಆ ಹಗ್ಗದವರೆಗೆ ಬರುವುದಕ್ಕೂ ಮನೆಯಲ್ಲಿ ಒಲೆ ಹಚ್ಚುವುದಕ್ಕೂ ಸರಿಹೋಗುತ್ತಿತ್ತು. ಹಗ್ಗ ಹಿಡಿಯುತ್ತಿದ್ದೆ, ಕಿವಿ ನಿಮಿರಿಸುತ್ತಿದ್ದೆ, ಫೋನು ಹೊಡೆದುಕೊಳ್ಳುತ್ತಿತ್ತು, ಹಿಂದಿರುಗುತ್ತಿದ್ದೆ. ಕೊಳದ ಮೊದಲರ್ಧವನ್ನು ನಾನು ಅಂಗೈಯಂತೆ ಬಲ್ಲೆ. ಆಚೆಯ ಅರ್ಧ ನನಗೆ ಪರದೇಶವಾಗಿಯೇ ಉಳಿಯಿತು.

"ನೀವು ಈಜೋಕೆ ಬರ್ತೀರೋ, ಇಲ್ಲಿಂದ ಕಂಟ್ರೋಲ್ ರೂಮ್ ನಡೆಸೋಕೆ ಬರ್ತೀರೋ?" ಎಂದು ಸೀಟಿ ಮೇಡಂ ಎಲ್ಲರ ಮುಂದೆ ಕೇಳಿದರು. ಬ್ಯಾಚಿನವರೆಲ್ಲ ನಕ್ಕರು. ನಾನೂ ನಕ್ಕೆ. ನಗುವಾಗ ಸ್ವಲ್ಪ ನೀರು ಕುಡಿದೆ.

ಟೈಲರಮ್ಮ ಮಾತ್ರ ಮೀನಿನ ಹಾಗೆ ಕಲಿತುಬಿಟ್ಟರು. "ಕಾಲು ಹೊಡೆಯೋದು ನಂಗೆ ಹೊಸದಾ? ಹುಟ್ಟಿದಾಗಿಂದ ಪೆಡಲ್ ತುಳೀತಿದ್ದೀನಿ," ಎನ್ನುತ್ತಿದ್ದರು. ನೀರಿನಲ್ಲಿ ಅವರ ಬೆನ್ನು ನಿಜಕ್ಕೂ ನೆಟ್ಟಗಾಗಿ ಕಾಣುತ್ತಿತ್ತು. ದಾರಿಯಲ್ಲಿ ವಾಪಸು ಬರುವಾಗ ಒಮ್ಮೆ ಹೇಳಿದರು, "ನಿಮಗೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಫೋನ್ ಆಫ್ ಮಾಡಿ."

"ಏನಾದ್ರೂ ಆದ್ರೆ?"

"ಏನಾಗುತ್ತೆ? ಉಪ್ಪು ಜಾಸ್ತಿ ಆಗುತ್ತೆ."

"ಅತ್ತೆಗೆ ಉಪ್ಪು ಜಾಸ್ತಿ ಆಗಬಾರದು ಕಣ್ರೀ, ಬಿಪಿ ಇದೆ."

ಟೈಲರಮ್ಮ ನನ್ನನ್ನು ಅಳತೆ ತೆಗೆಯುವವರಂತೆ ಮೇಲಿನಿಂದ ಕೆಳಗೆ ನೋಡಿ ಮುಂದೆ ನಡೆದರು.

ಕೆಲಸ ಕಡಿಮೆಯಾಯಿತೇ ಎಂದು ನೀವು ಕೇಳಬಹುದು. ಅದರ ಕಥೆಯೇ ಬೇರೆ. ಫೋನು ಬಾರದಿರಲಿ ಎಂದು ನಾನು ನಸುಕಿನಲ್ಲೇ ಎದ್ದು ತರಕಾರಿ ಹೆಚ್ಚಿಡತೊಡಗಿದೆ, ಉಪ್ಪಿನ ಡಬ್ಬಿಯನ್ನು ಕಣ್ಣಿಗೆ ಬಡಿಯುವಂತೆ ಮುಂದಿಟ್ಟೆ, ಬ್ರೆಡ್ಡಿನ ಪಕ್ಕದಲ್ಲಿ ಚಾಕು, ಚಾಕುವಿನ ಪಕ್ಕದಲ್ಲಿ ಬೆಣ್ಣೆ ಎಂದು ಆಪರೇಷನ್ ಕೊಠಡಿಯಂತೆ ಜೋಡಿಸಿದೆ. ಇಷ್ಟೆಲ್ಲ ಮಾಡಿದ ಮೇಲೆ ತಿಂಡಿ ಮಾಡುವುದಕ್ಕೆ ಉಳಿಯುತ್ತಿದ್ದುದು ಹೆಸರು ಮಾತ್ರ, ಅದನ್ನು ಇವರು ತೆಗೆದುಕೊಳ್ಳುತ್ತಿದ್ದರು. ಹಿಂದಿರುಗಿ ಬಂದು ಸೀದ ಪಾತ್ರೆಯನ್ನು ಉಜ್ಜುತ್ತಿದ್ದೆ, ಮಗಳು ಒಣಹಾಕಿದ ಬಟ್ಟೆಯನ್ನು ಕೊಡವಿ ಮತ್ತೆ ಒಣಹಾಕುತ್ತಿದ್ದೆ. ಸಂಜೆ ಹೊಗಳುವ ಕೆಲಸ. ಅದು ಹೊಸದಾಗಿ ಸೇರಿಕೊಂಡದ್ದು.

"ಏನೂ ಹೇಳ್ಲೇ ಇಲ್ಲ ನೀನು," ಎನ್ನುತ್ತಿದ್ದರು ಇವರು. "ಫೀಡ್‌ಬ್ಯಾಕ್ ಇಲ್ಲದೆ ತಂಡ ಸೊರಗುತ್ತೆ."

"ಟೋಸ್ಟ್ ಚೆನ್ನಾಗಿತ್ತು."

"ಯಾವ ರೀತಿಯಲ್ಲಿ ಚೆನ್ನಾಗಿತ್ತು?"

ಇಷ್ಟು ವರ್ಷ ನಾನು ಮಾಡಿ ಹಾಕಿದ ತಿಂಡಿ ಯಾವ ರೀತಿಯಲ್ಲಿ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದ್ದುಂಟೇ ಎಂದು ನೆನಪು ಕೆದಕಿದೆ. ಕೆದಕಿದ್ದಷ್ಟೇ ಬಂತು.

ಹೀಗೇ ಪರೀಕ್ಷೆ ಹತ್ತಿರ ಬಂತು. ಅದು ಒಂದೇ ಬೆಳಿಗ್ಗೆ. ಅಂದು ದಾಟಿದವರಿಗೆ ಕಾರ್ಡು. ದಾಟದವರು ಮುಂದಿನ ಬೇಸಿಗೆಯವರೆಗೆ ಕಾಯಬೇಕು, ಮರುದಿನವೇ ನೀರು ಖಾಲಿ ಮಾಡಿ ಕೆಲವು ದಿನ ರಿಪೇರಿ, ಆಮೇಲೆ ಕಾರ್ಡು ಇದ್ದವರಿಗಷ್ಟೇ ಪ್ರವೇಶ. ಹಗ್ಗದಡಿ ನುಸುಳಿ ಹೋಗಬೇಕು, ಮುಟ್ಟಿದರೆ ಮುಗಿಯಿತು ಎಂದು ಸೀಟಿ ಮೇಡಂ ಮೊದಲೇ ಎಚ್ಚರಿಸಿದ್ದರು. ಟೈಲರಮ್ಮ ಆ ದಿನಕ್ಕಾಗಿ ಹೊಲಿಗೆಯ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದ್ದರು. "ಕಾರ್ಡ್ ಸಿಕ್ಕಿದ್ರೆ ಅದನ್ನ ಯಂತ್ರದ ಮುಂದೆ ಗೋಡೆಗೆ ಅಂಟಿಸ್ತೀನಿ," ಎಂದರು. ನನಗೆ ನನ್ನ ಕಾರ್ಡನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೆಯಲ್ಲಿ ನನ್ನದು ಎನ್ನುವಂಥ ಗೋಡೆ ಹುಡುಕಿದೆ. ಒಲೆಯ ಹಿಂದಿನದೊಂದು ಇತ್ತು, ಜಿಡ್ಡು.

ಆ ದಿನವೇ ಇವರ ಕಚೇರಿಗೆ ಮೇಲಧಿಕಾರಿಗಳು ಬರುವವರಿದ್ದರು.

"ನಮ್ಮ ಮನೆ ಪ್ರಯೋಗಾನೇ ಉದಾಹರಣೆಯಾಗಿ ಹೇಳ್ತಿದ್ದೀನಿ," ಎಂದರು ಇವರು, ಕನ್ನಡಿಯ ಮುಂದೆ ಟೈ ಹಿಡಿದು ಅಭ್ಯಾಸ ಮಾಡುತ್ತಾ. "'ಮನೆಯೊಂದು ಡೆಲಿಗೇಟ್ ಮಾಡಲು ಕಲಿತದ್ದು ಹೇಗೆ?' ಚೆನ್ನಾಗಿದೆಯಲ್ವಾ?"

"ಅವತ್ತು ನಂಗೂ ಪರೀಕ್ಷೆ. ಪುಟ್ಟಿನೂ ಇರಲ್ಲ, ಕಾಲೇಜಲ್ಲಿ ವಾದ ಸ್ಪರ್ಧೆ ಅಂತ ಬೆಳಿಗ್ಗೆನೇ ಹೋಗ್ತಾಳೆ."

"ಗೊತ್ತು, ಗೊತ್ತು. ನಿನಗೆ ಒಂದೇ ಒಂದು ಫೋನ್ ಬರಲ್ಲ. ಮಾತು ಕೊಡ್ತೀನಿ. ತರಕಾರಿನೂ ಹೆಚ್ಚಿಡ್ಬೇಡ. ಒಂದು ದಿನ ನಿನ್ನ ಗಂಡನ್ನ ನಂಬಿ ನೋಡು."

ನಂಬಿದೆ. ಅಂದು ನಾನು ತರಕಾರಿ ಹೆಚ್ಚಿಡಲಿಲ್ಲ. (ತೊಳೆದಿಟ್ಟೆ. ತೊಳೆಯುವುದು ಹೆಚ್ಚುವುದರಲ್ಲಿ ಸೇರುವುದಿಲ್ಲ.) ಹೊರಡುವಾಗ ಇವರು ಮಹಡಿ ಮೆಟ್ಟಿಲು ಇಳಿದು ಬರುತ್ತಿದ್ದರು. "ಬೆಳಗಿನ ಗಾಳಿ!" ಎಂದು ಎದೆ ತುಂಬ ಉಸಿರೆಳೆದುಕೊಂಡು ತೋರಿಸಿ, "ಗೆದ್ದು ಬಾ," ಎಂದು ಬೆನ್ನು ತಟ್ಟಿದರು. ನಾನು ಮೆಟ್ಟಿಲ ಕೆಳಗೆ ನಿಂತು ಟೈಲರಮ್ಮನನ್ನು ಕೂಗಿದೆ.

"ನೀವು ಹೋಗ್ತಿರಿ," ಎಂದಿತು ಮೇಲಿನಿಂದ ದನಿ. "ನಾನು ಹಿಂದೇನೇ ಬರ್ತೀನಿ."

ಅವರು ಬರಲಿಲ್ಲ. ಸೀಟಿ ಮೇಡಂ ಅವರ ಸರದಿಯಲ್ಲಿ ಕೂಗಿದರು, ಮತ್ತೊಮ್ಮೆ ಕೂಗಿದರು, ಕೊನೆಗೆ ಹಿಂದಕ್ಕೆ ಹಾಕಿದರು. ಗಿರಾಕಿ ಯಾರೋ ಮದುವೆಗೋ ಪ್ರಯಾಣಕ್ಕೋ ಅಂತ ಬಂದು ಕಾಲು ಹಿಡಿದಿರಬೇಕು ಎಂದುಕೊಂಡೆ. ಅಷ್ಟರಲ್ಲಿ ನನ್ನ ಸರದಿ ಬಂತು. ಸೀಟಿ ಕೂಗಿತು. ತಳ್ಳಿಕೊಂಡು ಹೊರಟೆ.

ಅಷ್ಟು ಚೆನ್ನಾಗಿ ನಾನು ಎಂದೂ ಈಜಿರಲಿಲ್ಲ. ಕೈ ತಾನಾಗಿ ಬೀಸುತ್ತಿತ್ತು, ಉಸಿರು ತಾನಾಗಿ ಬರುತ್ತಿತ್ತು, ನೀರು ನನ್ನನ್ನು ಎತ್ತಿ ಎತ್ತಿ ಮುಂದಕ್ಕೆ ಕೊಡುತ್ತಿತ್ತು. ಹಗ್ಗದ ಕೆಂಪು ಉಂಡೆಗಳು ಹತ್ತಿರವಾದವು. ಅಭ್ಯಾಸಬಲದಿಂದ ಕಿವಿ ಬೆಂಚಿನ ಕಡೆಗೆ ಹೋಯಿತು.

ಫೋನು ಹೊಡೆದುಕೊಳ್ಳಲಿಲ್ಲ.

ಇನ್ನೊಂದು ಸಲ ಕೈ ಬೀಸಿದೆ. ಇಲ್ಲ. ಯಾಕಿಲ್ಲ? ಒಲೆ ಹಚ್ಚುವ ಹೊತ್ತಲ್ಲವೇ? ಇವರೇ ಹಚ್ಚುತ್ತಾರೆಯೇ? ಇವರಿಗೆ ಗ್ಯಾಸಿನ ವಾಸನೆ ಗೊತ್ತಾಗುವುದಿಲ್ಲ, ಸದಾ ನೆಗಡಿ. ಅತ್ತೆ ಸ್ಟೂಲಿನಿಂದ ಏಳಲು ಹೋಗಿ ಜಾರಿದ್ದರೆ? ಇಬ್ಬರೂ ಬಿದ್ದಿದ್ದರೆ ಫೋನು ಮಾಡುವವರು ಯಾರು? ಒಂದೇ ಒಂದು ಸಲ, ಉಪ್ಪು ಯಾವುದು ಎಂದಾದರೂ ಕೇಳಬಾರದೇ ಆ ಮನುಷ್ಯ! ಆ ಬೆಂಚಿನ ಮೇಲಿನ ಮೌನದಷ್ಟು ಭಾರವಾದದ್ದು ಯಾವುದನ್ನೂ ನಾನು ಈವರೆಗೆ ಹೊತ್ತಿಲ್ಲ. ನೋಡನೋಡುತ್ತಲೇ ನನ್ನ ಕೈ ಚಾಚಿಕೊಂಡು ಹಗ್ಗವನ್ನು ಹಿಡಿದುಬಿಟ್ಟಿತು.

ಸೀಟಿ ಉದ್ದಕ್ಕೆ ಕೂಗಿತು.

"ಏನಾಯ್ತು? ಸೆಳೆತ ಬಂತಾ? ಕಾಲಾ?" ಸೀಟಿ ಮೇಡಂ ದಂಡೆಯ ಮೇಲೆ ಓಡಿ ಬಂದರು.

"ಇಲ್ಲ ಮೇಡಂ. ಫೋನ್ ಬರ್ಲಿಲ್ಲ."

"ಬರದಿದ್ರೆ ಒಳ್ಳೇದೇ ಅಲ್ವೇನ್ರೀ?"

"ಒಳ್ಳೇದೇ. ಆದ್ರೆ ಯಾಕೆ ಬರ್ಲಿಲ್ಲ?"

ಅವರು ಬಾಯಿಂದ ಸೀಟಿ ತೆಗೆದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ, ನನ್ನ ಹೆಸರಿನ ಮುಂದೆ ಗೆರೆ ಎಳೆದು, "ಮುಂದಿನ ಬೇಸಿಗೆಗೆ ಬನ್ನಿ," ಎಂದರು ಮೆತ್ತಗೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮೇಲೆ ಹತ್ತಿ ಇವರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಒದ್ದೆ ಉಡುಪಿನ ಮೇಲೆಯೇ ಬಟ್ಟೆ ಎಳೆದುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಇಡೀ ಬೀದಿಗೆ ನೀರು ಹಾಕುತ್ತಾ ಓಡಿದೆ. ಬೇಕರಿಯವನು ಶಟರ್ ಎತ್ತುತ್ತಿದ್ದವನು ಅರ್ಧಕ್ಕೇ ಬಿಟ್ಟು ನೋಡಿದ.

ಬಾಗಿಲು ತೆರೆದಿತ್ತು. ಗ್ಯಾಸಿನ ವಾಸನೆ ಇರಲಿಲ್ಲ. ಹದವಾಗಿ ಹುರಿದ ಬ್ರೆಡ್ಡಿನ ವಾಸನೆ ಇತ್ತು. ಅತ್ತೆ ಸ್ಟೂಲಿನ ಮೇಲೆ ಕುಳಿತು, ತಟ್ಟೆ ಮಡಿಲಲ್ಲಿಟ್ಟುಕೊಂಡು, ಆರಾಮವಾಗಿ ತಿನ್ನುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಒಲೆಯ ಮುಂದೆ, ನನ್ನ ಸೌಟು ಹಿಡಿದು, ಬೆನ್ನು ಬಾಗಿಸಿ ಟೈಲರಮ್ಮ ನಿಂತಿದ್ದರು. ಅವರ ಉದ್ದ ಅಂಗಿಯ ಅಂಚಿನ ಕೆಳಗೆ, ಕಣಕಾಲಿನ ಹತ್ತಿರ, ಈಜುಡುಪಿನ ನೀಲಿ ಇಣುಕುತ್ತಿತ್ತು. ಒಣಗಿದ ನೀಲಿ.

ಸದ್ದು ಕೇಳಿ ತಿರುಗಿದರು. ಮುಖವೆಲ್ಲ ಅರಳಿತು. "ದಾಟಿದ್ರಾ?"

ನಾನು ನೀರು ಸೋರಿಸುತ್ತಾ ನಿಂತೆ.

"ಹೇಳಿ ಮತ್ತೆ! ದಾಟಿದ್ರಾ? ಬೆಳಿಗ್ಗೆ ನಿಮ್ಮ ಮನೆಯವರು ಮೇಲೆ ಬಂದು, ಇವತ್ತು ಅವಳಿಗೆ ಪರೀಕ್ಷೆ, ಫೋನ್ ಹೋಗಬಾರದು, ಒಂದು ಬೆಳಿಗ್ಗೆ ನೋಡ್ಕೊಳ್ತೀರಾ ಅಂತ ಕೈ ಮುಗಿಯೋ ಹಾಗೆ ಕೇಳಿದ್ರು. ನಾನು ಆಗಲ್ಲ ಅಂದ್ರೆ ಮತ್ತೆ ನಿಮಗೇ ಫೋನ್ ಬರುತ್ತೆ, ನೀವು ಮತ್ತೆ ಅರ್ಧಕ್ಕೇ ಏಳ್ತೀರ. ನಂದು ಹೋಗ್ಲಿ, ಒಬ್ಬರಾದ್ರೂ ದಾಟ್ಲಿ ಅಂತ..."

"ಇಲ್ಲ," ಎಂದೆ.

"ಫೋನ್ ಬಂತಾ? ನಾನು ಯಾರಿಗೂ ಮಾಡೋಕೆ ಬಿಡ್ಲಿಲ್ಲವಲ್ಲ!"

"ಬರ್ಲಿಲ್ಲ. ಅದಕ್ಕೇ."

ಟೈಲರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಅವರ ಮುಖದಲ್ಲಿ ಕಾಣಿಸಿತು. ಆ ಹೊತ್ತನ್ನು ನಾನು ಯಾರಿಗಾದರೂ ದಾಟಿಸಲು ಸಾಧ್ಯವಿದ್ದರೆ, ಅಧಿಕಾರ ಸಮೇತ ದಾಟಿಸಿಬಿಡುತ್ತಿದ್ದೆ.

ಆಗ ಟೈ ಕೈಯಲ್ಲಿ ಹಿಡಿದು ಇವರು ಒಳಕೋಣೆಯಿಂದ ಬಂದರು. "ಬಂದ್ಯಾ! ನೋಡು, ಒಂದಾದ್ರೂ ಫೋನ್ ಬಂತಾ? ಮಾತು ಕೊಟ್ಟ ಮೇಲೆ ಮುಗೀತು. ಫೋನನ್ನೇ ಸೈಲೆಂಟ್ ಮಾಡಿ ಇಟ್ಬಿಟ್ಟೆ."

"ಇವರಿಗೂ ಇವತ್ತು ಪರೀಕ್ಷೆ ಇತ್ತು," ಎಂದೆ.

"ಯಾರಿಗೆ?" ಇವರು ನಿಜವಾಗಿಯೂ ಕೋಣೆಯಲ್ಲಿ ಬೇರೆ ಯಾರಿದ್ದಾರೆ ಎಂದು ನೋಡಿದರು. "ಇವರೂ ಕಲೀತಿದ್ರಾ? ನಿಂಗೆ ಜೊತೆಗೆ ಅಂತ ಬರ್ತಾರೆ ಅಂದ್ಕೊಂಡಿದ್ದೆ. ಮೇಲೆ ಒಬ್ಬರೇ ಇರೋದು, ಬೆಳಿಗ್ಗೆ ಅಂಥಾ ಕೆಲಸ ಏನಿರುತ್ತೆ ಅಂತ..."

"ಸರಿಯಾಗಿದೆ ಕಣೋ," ಎಂದರು ಅತ್ತೆ, ತಟ್ಟೆಯಿಂದ ತಲೆಯೆತ್ತದೆ. "ಒಬ್ಳು ನೀರಲ್ಲಿ ನಿಂತು ಒಲೆ ನೋಡ್ಕೊಂಡ್ಳು, ಇನ್ನೊಬ್ಳು ಒಲೆ ಮುಂದೆ ನಿಂತು ನೀರು ನೋಡ್ಕೊಂಡ್ಳು. ನೀನು ಹೋಗಿ ಭಾಷಣ ಮಾಡ್ಕೊಂಡು ಬಾ."

ಆ ನಡುವೆ ಹಾಲು ಏಳತೊಡಗಿತ್ತು. ಪಾತ್ರೆಯ ಅಂಚಿಗೆ ಬಂದು ಒಂದು ಕ್ಷಣ ಗುಮ್ಮಟದಂತೆ ನಿಂತಿತು. ನಾನು ನೋಡಿದೆ. ಟೈಲರಮ್ಮ ನೋಡಿದರು. ಇಬ್ಬರ ಕೈಗೂ ಎಟಕುವಷ್ಟು ಹತ್ತಿರದಲ್ಲಿತ್ತು ಒಲೆಯ ಗುಂಡಿ. ಜೀವಮಾನದಲ್ಲಿ ಮೊದಲ ಸಲ ನನ್ನ ಕೈ ಏಳಲಿಲ್ಲ. ಅವರದೂ ಏಳಲಿಲ್ಲ.

"ಹಾಲು! ಹಾಲು! ಯಾರಾದ್ರೂ ನೋಡ್ರೇ!" ಎಂದು ಇವರು ಟೈ ಬೀಸಿ ಕೂಗಿದರು. ಆ ಗುಂಡಿ ಇವರ ಕೈಗೂ ಎಟಕುತ್ತಿತ್ತು.

ಹಾಲು ಉಕ್ಕಿತು. ಒಲೆಯ ಮೇಲೆ, ಅಡುಗೆಕಟ್ಟೆಯ ಮೇಲೆ, ಈ ತುದಿಯಿಂದ ಆ ತುದಿಗೆ, ಬೆಳ್ಳಗೆ, ಯಾವ ಅವಸರವೂ ಇಲ್ಲದೆ ಹರಿಯಿತು. ಉರಿ ತಾನಾಗಿ ಆರಿದ ಮೇಲೆ ಅತ್ತೆ ಕುಳಿತಲ್ಲಿಂದಲೇ ಊರುಗೋಲು ಚಾಚಿ ಗುಂಡಿ ತಿರುಗಿಸಿದರು. ಇವರು ಗಡಿಯಾರ ನೋಡಿದರು, ನಮ್ಮನ್ನು ನೋಡಿದರು, ಇಸ್ತ್ರಿ ಮಾಡಿದ ಶರ್ಟು ತೊಟ್ಟರು. "ಬಂದ್ಮೇಲೆ ಕೂತು ಮಾತಾಡೋಣ," ಎಂದು ಹಾಲಿನ ಮೇಲೆ ಕಾಲಿಡದಂತೆ ಜಾಗರೂಕತೆಯಿಂದ ದಾಟಿಕೊಂಡು ಭಾಷಣಕ್ಕೆ ಹೋದರು. (ಭಾಷಣ ಅಮೋಘವಾಗಿತ್ತಂತೆ. ಮೇಲಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.)

ಟೈಲರಮ್ಮನಿಗೆ ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಅವರು ಬೇಡ ಎನ್ನುವಂತೆ ತಲೆಯಾಡಿಸಿದರು. ಹಾಲು ಒಣಗತೊಡಗಿದರೆ ಕಟ್ಟೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಉಜ್ಜುವುದು ಕಷ್ಟ. ಅದು ನಮ್ಮಿಬ್ಬರಿಗೂ ಗೊತ್ತು. ಅವರೊಂದು ಬಟ್ಟೆ ತೆಗೆದುಕೊಂಡರು, ನಾನೊಂದು ತೆಗೆದುಕೊಂಡೆ. ಅವರು ಆ ತುದಿಯಿಂದ, ನಾನು ಈ ತುದಿಯಿಂದ ಶುರುಮಾಡಿದೆವು. ನಡುವೆ ಬಂದು ಎದುರಾದಾಗ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು, ಎಲ್ಲೂ ನಿಲ್ಲದೆ ಕೊನೆ ಮುಟ್ಟಿದೆವು.

ಆ ಬೆಳಿಗ್ಗೆ ನಾವಿಬ್ಬರೂ ತುದಿಯಿಂದ ತುದಿಗೆ ದಾಟಿದ್ದು ಆ ಅಡುಗೆಕಟ್ಟೆಯೊಂದನ್ನೇ.